ಮಂಜೂರ್ ಸಿದ್ರಾಮಪ್ಪ

ನಮ್ಮ ಕಾಕಾನನ್ನು ಊರು ಇಂದಿಗೂ ‘ಮಂಜೂರ್ ಸಿದ್ರಾಮಪ್ಪ’ ಎಂದೇ ಕರೆಯುತ್ತದೆ. ಕರೆದು ನಗುತ್ತದೆ. ಆ ನಗು ಕೇಳಿದಾಗಲೆಲ್ಲ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ನಗುವವರಿಗೆ ಗೊತ್ತಿರುವುದು ಅರ್ಧ ಕಥೆ. ಉಳಿದರ್ಧ ಗೊತ್ತಿದ್ದವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ.

ಮಹಾರಾಷ್ಟ್ರದ ಗಡಿಯೊಳಗೆ, ಮ್ಹೈಸಾಳದ ಆಚೆ, ಕೃಷ್ಣೆಯ ದಂಡೆಯ ಕಬ್ಬಿನ ತೋಟದಲ್ಲಿ ನಮ್ಮ ಮನೆ. ನನ್ನಪ್ಪ ಹಿರಿಯ, ಕಾಕಾ ಕಿರಿಯ. ಒಂದೇ ಮನೆ, ಒಂದೇ ಒಲೆ. ಹೊಳೆಯ ನೀರನ್ನು ಹೊಲಕ್ಕೆ ಏರಿಸುವ ಸೊಸೈಟಿಗೆ ಇಬ್ಬರೂ ಸದಸ್ಯರು. ಆ ಕಾಲದಲ್ಲಿ ನಮ್ಮ ಕಡೆ ಹಾಲಿಗೊಂದು ಸೊಸೈಟಿ, ನೀರಿಗೊಂದು, ಸಕ್ಕರೆಗೊಂದು. ಎಲ್ಲಕ್ಕೂ ಒಬ್ಬೊಬ್ಬ ಚೇರಮನ್ನರು.

ಸೊಸೈಟಿಯ ಸಭೆ ನಡೆಯುವ ಚೆಂದವನ್ನು ಹೇಳಲೇಬೇಕು. ಸೆಕ್ರೆಟರಿ ಮರಾಠಿಯಲ್ಲಿ ಠರಾವು ಓದುತ್ತಾನೆ. ಮುಂದಿನ ಸಾಲಿನವರು ‘ಮಂಜೂರ್, ಮಂಜೂರ್’ ಎಂದು ಕೂಗುತ್ತಾರೆ. ಹಿಂದಿನವರು ಚಪ್ಪಾಳೆ ತಟ್ಟಿ, ಲಾಡು ತಿಂದು ಮನೆಗೆ ಹೋಗುತ್ತಾರೆ. ಓದು ಮುಗಿಯುವ ಮೊದಲೇ ಕೂಗಬೇಕು. ಮುಗಿಯುವ ತನಕ ಕಾದರೆ ಚೇರಮನ್ನರ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ. ಕಾಕಾನ ಗಂಟಲು ದೊಡ್ಡದು. ಅದಕ್ಕೇ ಚೇರಮನ್ ಬಾಪೂಸಾಹೇಬರು ಅವನನ್ನು ಹೆಸರು ಹಿಡಿದು ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಬಡಪಾಯಿ ಕಾಕಾ ಅದನ್ನು ಮರ್ಯಾದೆ ಎಂದುಕೊಂಡಿದ್ದ. ವಿಭೂತಿ ಹಚ್ಚಿ, ರುಮಾಲು ಸುತ್ತಿ, ಬೀಗರ ಮನೆಗೆ ಹೊರಟವನಂತೆ ಸಭೆಗೆ ಹೊರಡುತ್ತಿದ್ದ.

ಆ ವರ್ಷ ಸೊಸೈಟಿಗೆ ಒಂದು ಗಾಡಿ ಕೊಳ್ಳುವುದೆಂದಾಯಿತು. ಹೊಳೆಯ ಮೋಟಾರು ಕೆಟ್ಟರೆ ರಿಪೇರಿಗೆ ಒಯ್ಯಲು, ಅಡಚಣೆಯ ಹೊತ್ತಿನಲ್ಲಿ ರೋಗಿಗಳನ್ನು ಮಿರಜದ ದವಾಖಾನೆಗೆ ಮುಟ್ಟಿಸಲು. ಕಾಕಾನಿಗೆ ಇದು ಬರೀ ಸೊಸೈಟಿಯ ಮಾತಾಗಿರಲಿಲ್ಲ. ಅವನ ಒಬ್ಬಳೇ ಮಗಳು ಗಿರಿಜಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸು ಅಡ್ಡ ಇದೆ, ನೋವು ಶುರುವಾದ ತಕ್ಷಣ ಕರೆತನ್ನಿ ಎಂದು ಮಿರಜದ ಡಾಕ್ಟರಮ್ಮ ಹೇಳಿದ್ದಳು. ಹೆರಿಗೆ ಬೀಳುವುದು ಶ್ರಾವಣದಲ್ಲಿ. ಶ್ರಾವಣದಲ್ಲಿ ನಮ್ಮ ತೋಟದಿಂದ ಡಾಂಬರು ರಸ್ತೆಯವರೆಗಿನ ಎರೆಮಣ್ಣಿನ ದಾರಿ ದಾರಿಯಾಗಿ ಉಳಿಯುವುದಿಲ್ಲ.

ಗಾಡಿ ನೋಡಲು ಬಾಪೂಸಾಹೇಬರ ಜೊತೆ ಕಾಕಾನೂ ಸಾಂಗ್ಲಿಗೆ ಹೋದ. ಅಂಗಡಿಯಲ್ಲಿ ಎರಡು ಗಾಡಿಗಳಿದ್ದವು. ಒಂದು ಕರಿ ಕಾರು: ಮೆತ್ತನೆಯ ಸೀಟು, ಕಿಟಕಿಗೆ ಪರದೆ, ಕನ್ನಡಿಯಂಥ ಮೈ. ಇನ್ನೊಂದು ಉದ್ದನೆಯ ವ್ಯಾಗನ್ನು: ಎತ್ತರದ ಗಾಲಿ, ಒರಟು ಸೀಟು, ಆದರೆ ಗೇರಿನ ಪಕ್ಕದ ಇನ್ನೊಂದು ಹಿಡಿಕೆ ಎಳೆದರೆ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಿಗುತ್ತಿತ್ತು. ಕಾರಿಗೆ ಹಿಂದಿನ ಎರಡಕ್ಕೆ ಮಾತ್ರ.

“ಈ ಕಾರಿಗೂ ನಾಕೂ ಗಾಲಿ ಎಳ್ಯೂ ಹಂಗ ಮಾಡಿಕೊಡಾಕ ಬರೂದಿಲ್ಲೇನ್ರಿ?” ಎಂದು ಕಾಕಾ ಕೇಳಿದನಂತೆ.

“ಅಂಥಾ ಕಾರು ನಮ್ಮ ದೇಶದಾಗ ಸಿಗೂದಿಲ್ರಿ ಕಾಕಾ,” ಎಂದು ಅಂಗಡಿಯವ ನಕ್ಕ.

ಕಾಕಾ ವ್ಯಾಗನ್ನಿನ ಹಿಂದಿನ ಸೀಟು ಮಡಚಿಸಿ, ರುಮಾಲು ತಲೆಗಿಟ್ಟುಕೊಂಡು, ಅಂಗಡಿಯ ಜನರೆದುರಿಗೇ ಅದರಲ್ಲಿ ಉದ್ದಕ್ಕೆ ಮಲಗಿ ನೋಡಿದ. ಎದ್ದು, “ಸಾಹೇಬ್ರ, ಇದ ಆಗಬೇಕ್ರಿ. ರಾಡ್ಯಾಗ ಬರತೈತಿ, ಹಡಿಯೂ ಹೆಣ್ಮಗಳು ಕಾಲು ಚಾಚಿ ಮಲಗತಾಳ,” ಎಂದ. ಬಾಪೂಸಾಹೇಬರು ತಲೆದೂಗಿದರು. ದೊಡ್ಡವರು ತಲೆದೂಗಿದರೆ ಮಾತು ಕೊಟ್ಟಂತೆ ಎಂದು ನಂಬುವ ಪೀಳಿಗೆ ಅವನದು. ಮನೆಗೆ ಬಂದವನೇ ಗಿರಿಜಾಳಿಗೆ ಆ ಗಾಡಿಯನ್ನು ವರ್ಣಿಸಿದ್ದೇ ವರ್ಣಿಸಿದ್ದು.

ಮಳೆಗಾಲಕ್ಕೆ ಮೊದಲು ವಿಶೇಷ ಸಭೆ ಕರೆದರು. ಊರ ಮೈಕಿನ ಸದ್ದು ನಮ್ಮ ತೋಟದವರೆಗೆ ಕೇಳುತ್ತಿತ್ತು. ನಾವು ಹೆಂಗಸರು ಶೇಂಗಾ ಬಿಡಿಸುತ್ತ ಕೇಳುತ್ತಿದ್ದೆವು. ಸೆಕ್ರೆಟರಿ ಓದಿದ: ಸೊಸೈಟಿಯ ಘನತೆಗೆ ಒಪ್ಪುವಂಥ, ಅತಿಥಿಗಳನ್ನು ಕರೆತರಲು ಅನುಕೂಲವಾದ... ಅಷ್ಟರಲ್ಲಿ ಕಾಕಾನ ದನಿ ಗುಡುಗಿತು. “ಮಂಜೂರ್!” ಹಿಂದೆಯೇ ಎಲ್ಲರ ದನಿ, ಚಪ್ಪಾಳೆ. ಆ ಗದ್ದಲದ ನಡುವೆ ಠರಾವಿನ ಕೊನೆಯ ಮಾತು ಬಂತು.

ಕಾಕಾ ಲಾಡು ಹಿಡಿದು ನಗುತ್ತ ಬಂದ. ಗಿರಿಜಾ ಬಾಗಿಲಲ್ಲೇ ಕೇಳಿದಳು: “ಅಪ್ಪಾ, ಅವರು ಕಾರು ಅಂದ್ರು. ನಾ ಇಲ್ಲಿಂದ ಕೇಳೀನಿ. ನೀ ಅಲ್ಲೇ ಕುಂತು ಕೇಳಲಿಲ್ಲೇನು?”

ಅವನು ಬಂದ ಕಾಲಲ್ಲೇ ಹಿಂದಿರುಗಿ ಓಡಿದ. ಬಾಪೂಸಾಹೇಬರು ಅಡಿಕೆ ಕತ್ತರಿಸುತ್ತ, “ಅಲ್ರೀ ಸಿದ್ರಾಮಪ್ಪಾ, ಎಲ್ಲಾರ್ಕಿಂತ ಮೊದಲ ಮಂಜೂರ್ ಅಂದಾವ್ರು ನೀವ ಅಲ್ಲೇನ್ರಿ?” ಎಂದರು. ಎಂಥ ನಾಲಿಗೆ! ಅವನ ಗಂಟಲನ್ನು ಬಾಡಿಗೆಯೂ ಕೊಡದೆ ವರ್ಷಗಟ್ಟಲೆ ದುಡಿಸಿಕೊಂಡು, ಕೊನೆಗೆ ಅದರಿಂದಲೇ ಅವನ ಕತ್ತು ಕೊಯ್ದರು.

ಗಿರಿಜಾಳಿಗೆ ನೋವು ದಿನ ತುಂಬುವ ಮೊದಲೇ ಬಂತು, ಬೆಳಿಗ್ಗೆ, ಜಡಿಮಳೆಯಲ್ಲಿ. ಬಾಪೂಸಾಹೇಬರು ಕಾರು ಕಳಿಸಿದರು. ಕಳಿಸಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಡ್ರೈವರ್ ಜಟ್ಟೆಪ್ಪ ದೇವರ ಹೆಸರು ಹೇಳುತ್ತ ಬಾಗಿಲ ತನಕ ತಂದ. ಕಾಲು ಚಾಚಲು ಜಾಗವಿಲ್ಲದೆ ಗಿರಿಜಾ ತನ್ನ ತಾಯಿ ನೀಲಗಂಗವ್ವನ ತೊಡೆಯ ಮೇಲೆ ಮುದುಡಿಕೊಂಡಳು. ಹೊರಟು ಸ್ವಲ್ಪ ದೂರ ಹೋಗುವುದರಲ್ಲಿ ಕಾರು ಹೂತಿತು. ಹಿಂದಿನ ಗಾಲಿಗಳು ಗರಗರ ತಿರುಗಿದವು, ತಿರುಗಿದಷ್ಟೂ ಇಳಿದವು. ಮುಂದಿನವು ಸುಮ್ಮನೆ ನಿಂತಿದ್ದವು. ಕಾಕಾ ಎತ್ತುಗಳನ್ನು ತಂದು ಕಾರಿಗೆ ಹಗ್ಗ ಕಟ್ಟಿದ. ಕನ್ನಡಿಯಂಥ ಆ ಕಾರನ್ನು ಎತ್ತುಗಳು ಡಾಂಬರಿನ ತನಕ ಎಳೆದವು. ಒಳಗೆ ಗಿರಿಜಾ ಕೂಗುತ್ತಿದ್ದಳು, ಹೊರಗೆ ಕಾಕಾ ಎತ್ತುಗಳಿಗೆ ಕೂಗುತ್ತಿದ್ದ. ಮಿರಜ ಮುಟ್ಟಿದಾಗ ಗಿರಿಜಾಳ ಜೀವವಿತ್ತು. ಕೂಸಿನದು ಹೋಗಿತ್ತು.

ದಸರೆಯ ಮುಂದೆ ವಾರ್ಷಿಕ ಸಭೆ ನಡೆಯಿತು. ಕಾಕಾ ಹೋಗುವುದಿಲ್ಲ ಎಂದುಕೊಂಡಿದ್ದೆವು. ಹೋದ, ರುಮಾಲು ಸುತ್ತಿಕೊಂಡೇ ಹೋದ. ಬಾಪೂಸಾಹೇಬರು ಎಂದಿನಂತೆ ಮುಂದಿನ ಸಾಲಿಗೆ ಕರೆದದ್ದು ಮೈಕಿನಲ್ಲಿ ಕೇಳಿತು. ಗಿರಿಜಾ ಗೋಡೆಗೆ ಒರಗಿ ಕೂತಿದ್ದಳು, ನಾನು ಪಕ್ಕದಲ್ಲಿದ್ದೆ. ಸೆಕ್ರೆಟರಿ ಓದಿದ: ರೋಗಿಗಳ ಬಳಕೆಯಿಂದ ಕಾರಿನ ಸೀಟುಗಳು ಹೊಲಸಾದ ಕಾರಣ ಹೊಸ ಮಖಮಲ್ಲಿನ ಹೊದಿಕೆ ಹಾಕಿಸಬೇಕು, ಇನ್ನು ಮುಂದೆ ರೋಗಿಗಳಿಗೆ ಕಾರು ಕೊಡಬಾರದು...

ಹೊಲಸು! ನಮ್ಮ ಮನೆಯ ಕೂಸಿನ ರಕ್ತ ಅವರಿಗೆ ಹೊಲಸು!

ಓದು ಪೂರ್ತಿ ಮುಗಿಯಿತು. ಯಾರೂ ಕೂಗಲಿಲ್ಲ, ಮೊದಲು ಕೂಗುವವನ ದಾರಿ ಕಾಯುತ್ತಿದ್ದರು. ಆಮೇಲೆ ಕಾಕಾನ ಗಂಟಲು ಕೇಳಿತು.

“ನಾಮಂಜೂರ್.”

ಆ ಮೈಕಿನಲ್ಲಿ ಆ ಮಾತನ್ನು ನಾವು ಎಂದೂ ಕೇಳಿರಲಿಲ್ಲ. ಗಿರಿಜಾ ನನ್ನ ಕೈ ಹಿಡಿದುಕೊಂಡಳು. ಇನ್ನೊಬ್ಬರಾದರೂ ದನಿಗೂಡಿಸಿದ್ದರೆ ಸಾಕಿತ್ತು. ಎರಡನೇ ಸಾಲಿನಿಂದ ಒಂದು ದನಿ ಬಂತು.

“ಮಂಜೂರ್, ಮಂಜೂರ್!”

ಚಪ್ಪಾಳೆ ಬಿತ್ತು. ಆ ದನಿ ಯಾರದೆಂದು ಗಿರಿಜಾ ನನ್ನನ್ನು ಕೇಳಲಿಲ್ಲ. ಹುಟ್ಟಿದಾಗಿನಿಂದ ಇಬ್ಬರೂ ಕೇಳುತ್ತ ಬೆಳೆದ ದನಿ ಅದು.

ಸಂಜೆ ಅಪ್ಪ ಲಾಡು ಹಿಡಿದುಕೊಂಡು ಬಂದ. ಕಟ್ಟೆಯ ಮೇಲೆ ಕೂತು, “ಹೊಳ್ಯಾಗಿದ್ದು ಮೊಸಳಿ ಕೂಡ ವೈರ ಕಟಗೋಳಾಕ ಆಕ್ಕೈತೇನು? ನಾಳೆ ನೀರು ಬಂದ್ ಮಾಡಿದ್ರ ಕಬ್ಬಿಗೆ ಏನ ಗತಿ?” ಎಂದ. ಕುಡಿಯಲು ನೀರು ತಾ ಎಂದು ನನಗೆ ಹೇಳಿದ. ನಾನು ಗಿರಿಜಾಳ ಪಕ್ಕದಿಂದ ಏಳಲಿಲ್ಲ.