ತಲೆಕೆಳಗಾದ ಬಾಣ

ಬೆಳಗಿನ ಐದೂವರೆ. ಕಡಲ ಸಂಶೋಧನಾಲಯದ ಕಾವಲುಗಾರ ಇನ್ನೂ ಆಕಳಿಸುತ್ತಿದ್ದಾನೆ, ಚಿಪ್ಪು ಎಣಿಸಿ ಎಣಿಸಿ ಆ ಹೆಸರೇ ಬಿದ್ದಿರುವ ಚಿಪ್ಪಕ್ಕ ಆಗಲೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದಾರೆ. ರಸ್ತೆಯಲ್ಲಿ ಲಾರಿಗಳ ಓಡಾಟ ಶುರುವಾದರೆ ಮೇಜು ನಡುಗುತ್ತದೆ. ಒದ್ದೆ ಕುಂಚದ ತುದಿಯಿಂದ, ಸಾಸಿವೆಯನ್ನು ದೊಡ್ಡಣ್ಣ ಎನ್ನಬೇಕಾದಷ್ಟು ಸಣ್ಣ ಚಿಪ್ಪನ್ನೆತ್ತಿ ಕಪ್ಪು ತಟ್ಟೆಗಿಡುತ್ತಾರೆ.

"ಒಂದ್ಸಲ ಸೀನಿ ಇನ್ನೂರು ವರ್ಷ ಹಾರಿಸಿಬಿಟ್ಟಿದ್ದೆ," ಎಂದು ನಗುತ್ತಾರೆ.

ಹಡಗಿನವರು ಕಡಲ ತಳದ ಕೆಸರನ್ನು ಕೊಳವೆಗಳಲ್ಲಿ ತರುತ್ತಾರೆ. ಮೇಲಿನ ಕೆಸರು ಹೊಸದು, ಕೆಳಗಿನದು ಸಾವಿರಾರು ವರ್ಷ ಹಳೆಯದು. ಅದರಲ್ಲಿ ತಣ್ಣೀರಿನ ಜೀವಿಗಳ ಚಳಿಯ ಚಿಪ್ಪು, ಬೆಚ್ಚನೆ ನೀರಿನವುಗಳ ಸೆಕೆಯ ಚಿಪ್ಪು ಬೇರ್ಪಡಿಸಿದರೆ ಆಗಿನ ಕಡಲು ಹೇಗಿತ್ತೆಂದು ತಿಳಿಯುತ್ತದೆ. ಚಿಪ್ಪಕ್ಕ ಎಣಿಸುವುದು ದಿನಕ್ಕೆ ಸಾವಿರದ ಇನ್ನೂರು ಚಿಪ್ಪು, ಇಪ್ಪತ್ತೆರಡು ವರ್ಷಗಳಿಂದ.

ಕಡಲಿನ ಉತ್ತರದ ತುದಿಯಲ್ಲಿ ನೀರು ತಣ್ಣಗಾಗಿ ಮುಳುಗಿ, ತಳದಲ್ಲೇ ದಕ್ಷಿಣಕ್ಕೆ ಹರಿಯುತ್ತದೆ. ಅದರ ಜಾಗಕ್ಕೆ ಮೇಲ್ಗಡೆಯಿಂದ ಬೆಚ್ಚನೆ ನೀರು ದಕ್ಷಿಣದಿಂದ ಬರುತ್ತದೆ. ಭೂಮಿಯ ಉತ್ತರಾರ್ಧ ತುಸು ಬೆಚ್ಚಗಿರುವುದಕ್ಕೆ ಈ ಹರಿವು ದೊಡ್ಡ ಕಾರಣ. ಅದು ಸೊರಗಿದಾಗೆಲ್ಲ ಉತ್ತರ ನಡುಗಿದೆ, ದಕ್ಷಿಣ ಬೆವರಿದೆ. ಪಂಡಿತರು ಇದಕ್ಕೆ ನೂರು ಪುಟ ಬರೆಯುತ್ತಾರೆ. ಚಿಪ್ಪಕ್ಕನದು ಒಂದೇ ಮಾತು: "ಕಂಬಳಿ ಒಂದು, ಮಕ್ಕಳಿಬ್ಬರು. ಒಬ್ಬ ಎಳ್ಕೊಂಡ್ರೆ ಇನ್ನೊಬ್ಬನಿಗೆ ಚಳಿ."

ಕೊಳವೆಯ ಮೇಲ್ತುದಿ ಯಾವುದೆಂದು ಹಡಗಿನಲ್ಲೇ ಕೆಂಪು ಬಾಣ ಬರೆಯಬೇಕು. ಮೂವತ್ತು ವರ್ಷ ಅದನ್ನು ಬರೆದವರು ಚಿಪ್ಪಕ್ಕನ ಗಂಡ. ಮೂರು ವರ್ಷದ ಹಿಂದೆ ಹಡಗಿನಲ್ಲೇ ಎದೆನೋವು ಬಂತು. ಜೀವಂತವಾಗಿ ದಡ ಮುಟ್ಟಲಿಲ್ಲ.

ಅವರ ಕೊನೆಯ ಕೊಳವೆಯ ಸರದಿ ಬಂದದ್ದು ಈ ತಿಂಗಳು. ಅದೇ ಜಾಗದಲ್ಲಿ ತೆಗೆದ ಪಕ್ಕದ ಕೊಳವೆಯಲ್ಲಿ ಚಳಿಯ ಚಿಪ್ಪು ಕೆಳಗಿವೆ, ಇದರಲ್ಲಿ ಮೇಲಿವೆ. ಮುಖ್ಯಸ್ಥರು ಹೊಸ ಸಿದ್ಧಾಂತವೇ ಸಿಕ್ಕಿತೆಂದು ಹಿಗ್ಗಿ ಭಾಷಣ ಬರೆಯಲೂ ಕೂತಿದ್ದರು. ಬಾಣವನ್ನು ಯಾರೂ ಶಂಕಿಸಲಿಲ್ಲ, ಅದು ಎಂದೂ ತಪ್ಪಿದ್ದಿಲ್ಲ.

ಚಿಪ್ಪಕ್ಕ ಮೂರು ಸಲ ಎಣಿಸಿದರು. ಆಮೇಲೆ ಉಗ್ರಾಣಕ್ಕೆ ಹೋಗಿ ಕೊಳವೆ ನೋಡಿದರು.

"ಬಾಣದ ಗೆರೆ ನಡುಗಿತ್ತು. ನಮ್ಮನೆಯವರ ಕೈ ನಂಗೊತ್ತಿಲ್ವಾ? ಅವತ್ತೇ ನೋವು ಶುರುವಾಗಿದೆ, ಯಾರಿಗೂ ಹೇಳ್ಕೊಂಡಿಲ್ಲ."

ವರದಿಯನ್ನು ತಾವೇ ಬರೆದರು: ಬಾಣ ತಲೆಕೆಳಗಾಗಿದೆ. ಓದಿದ ಮುಖ್ಯಸ್ಥರ ದನಿ ಇಳಿಯಿತು. "ಬಾಣ ಬರೆದವರ ಹೆಸರು ಬೇಡ ಬಿಡಿ, ಚಿಪ್ಪಕ್ಕ."

"ಬೇಕು ಸಾರ್. ಇಲ್ಲಾಂದ್ರೆ ಡೆಕ್ಕಿನಲ್ಲಿದ್ದ ಎಲ್ಲರ ಮೇಲೂ ಅನುಮಾನ ಬರುತ್ತೆ."

ಈಗ ಕೊಳವೆಗೆ ಹೊಸ ಬಾಣ ಬರೆಯಬೇಕು. ಅದಕ್ಕೆ ಚಿಪ್ಪಕ್ಕನದು ಒಂದೇ ಕೋರಿಕೆ.

"ಹೊಸದನ್ನ ಪಕ್ಕದಲ್ಲಿ ಬರೀಲಿ. ಹಳೇದು ಒರೆಸ್ಬೇಡಿ ಅಂದಿದೀನಿ. ಅಷ್ಟು ನೋವಲ್ಲೂ ಕೆಲಸ ಬಿಟ್ಟು ಎದ್ದಿಲ್ಲ ನೋಡಿ ಅವರು."