ಸಾಕುವವರಿಗೆ ಮಾತ್ರ

ಗೇಟಿಗೆ ಕಟ್ಟಿದ್ದ ರಟ್ಟಿನ ಮೇಲಿನ ಅಕ್ಷರ ನನ್ನದೇ, ಅದರಲ್ಲಿ ಅನುಮಾನವಿಲ್ಲ. ಮಿಕ್ಸಿ ಬಂದ ಡಬ್ಬದ ಒಂದು ಪಕ್ಕವನ್ನು ಕತ್ತರಿಸಿ ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೆ: 'ನಾಟಿ ಕೋಳಿ ಮಾರಾಟಕ್ಕಿದೆ.' ಅದರ ಕೆಳಗೆ ಅಮ್ಮ ಬರೆಸಿದ ಇನ್ನೊಂದು ಸಾಲು: 'ಸಾಕುವವರಿಗೆ ಮಾತ್ರ.'

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಎಂ.ಎ. ಮುಗಿಸಿ, ಕೆಲಸ ಸಿಗುವವರೆಗೆ ಅಂತ ಮನೆಯಲ್ಲಿದ್ದೆ. ಬನಶಂಕರಿಯ ನಮ್ಮ ಮನೆಯ ಪಕ್ಕ ಒಂದು ಖಾಲಿ ಸೈಟಿತ್ತು. ಅಮ್ಮ ಆಸೆಗೆಂದು ಸಾಕಿದ ನಾಲ್ಕು ಕೋಳಿಗಳು ಅಲ್ಲಿ ಕೆದಕಿ ಮೇಯ್ದು, ಮರಿ ಮಾಡಿ, ಎರಡು ವರ್ಷದಲ್ಲಿ ಹದಿನೆಂಟಾದವು. ಹದಿನೆಂಟು ಎಂಬುದು ನನ್ನ ನೆನಪು. ಆಗಿನ ಡೈರಿಯಲ್ಲಿ ಹದಿನಾರು ಎಂದಿದೆ. ಎರಡು ಕೋಳಿಯನ್ನು ಯಾವಾಗ ಸೇರಿಸಿಕೊಂಡೆನೋ ಗೊತ್ತಿಲ್ಲ. ಅಷ್ಟರಲ್ಲಿ ಸೈಟಿನವರು ಬಂದು ಪಾಯ ತೋಡಿಸಿದರು. ನಮ್ಮ ಹಿತ್ತಲು ಎರಡು ಚಾಪೆಯಗಲ. ಆರನ್ನು ಉಳಿಸಿಕೊಂಡು ಮಿಕ್ಕವನ್ನು ಕೊಡಲೇಬೇಕಾಯಿತು.

ನಾವೇನು ಮಾಂಸ ತಿನ್ನದವರಲ್ಲ. ಭಾನುವಾರ ಅಪ್ಪ ತಿಲಕ್ ನಗರದಿಂದ ಕೋಳಿ ತರುತ್ತಿದ್ದರು, ಅಮ್ಮನೇ ಖಾರ ಅರೆದು ಸಾರು ಮಾಡುತ್ತಿದ್ದಳು. ಆದರೆ ತನ್ನ ಕಣ್ಣೆದುರು ಮರಿಯಾಗಿ ಹುಟ್ಟಿ ಬೆಳೆದದ್ದನ್ನು ಕುಯ್ಯುವ ಮಾತನ್ನು ಅವಳ ಮುಂದೆ ಯಾರೂ ಆಡುವಂತಿರಲಿಲ್ಲ. ಕೊಟ್ಟ ಕೋಳಿ ಯಾರದೋ ಹಿತ್ತಲಲ್ಲಿ ಬದುಕಿರುತ್ತದೆ ಎಂದು ನಂಬಿದರೆ ಮಾತ್ರ ಅವಳಿಗೆ ಅದನ್ನು ಕೈಬಿಡಲು ಆಗುತ್ತಿತ್ತು. ಆ ನಂಬಿಕೆ ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸ ಎಂದು ನಾನೇ ವಹಿಸಿಕೊಂಡಿದ್ದೆ.

ಅಜ್ಜಿಯ ಮನೆಯಿಂದ ಬಂದ ಪದ್ಧತಿಯೊಂದಿತ್ತು. ಹೊಸದಾಗಿ ತಂದ ಕೋಳಿಯನ್ನು ಎತ್ತಿಕೊಂಡು ಒರಳುಕಲ್ಲನ್ನು ಮೂರು ಸುತ್ತು ಬರಬೇಕು. ಆಮೇಲೆ ಅದು ಮನೆ ಬಿಟ್ಟು ಹೋಗುವುದಿಲ್ಲ. ಬೇರೆಯವರಿಗೆ ಕೊಡುವಾಗ ಅದೇ ಮೂರು ಸುತ್ತನ್ನು ತಿರುಗುಮುರುಗಾಗಿ ಬರಬೇಕು. ಆಗ ಈ ಮನೆಯನ್ನು ಮರೆತು ಹೋದಲ್ಲಿ ಹೊಂದಿಕೊಳ್ಳುತ್ತದೆ. ಗ್ರೈಂಡರ್ ಬಂದ ಮೇಲೆ ಹಿತ್ತಲಲ್ಲಿ ಸುಮ್ಮನೆ ಕೂತಿದ್ದ ಒರಳಿಗೆ ಉಳಿದದ್ದು ಇದೊಂದೇ ಕೆಲಸ.

ಬಂದವರೆಲ್ಲ ರಟ್ಟು ಓದಿಯೇ ಬರುತ್ತಿದ್ದರು. ಅಮ್ಮ ಎಲ್ಲರನ್ನೂ ಅದನ್ನೇ ಕೇಳುತ್ತಿದ್ದಳು: "ಸಾಕೋದಕ್ಕೆ ತಾನೇ?" ಎಲ್ಲರೂ ಅದನ್ನೇ ಹೇಳುತ್ತಿದ್ದರು: "ಹೂಂ ಆಂಟಿ, ಸಾಕೋಕೇ." ಬಿ.ಟಿ.ಎಂ.ನಿಂದ ಒಬ್ಬ ಬಂದಿದ್ದ. ಉತ್ತರ ಕರ್ನಾಟಕದ ಕಡೆಯವನು, ಯಾವುದೋ ಆಫೀಸಿನಲ್ಲಿ ಕೆಲಸ. ಅವನಿಗೆ ದೊಡ್ಡ ಹುಂಜವೇ ಬೇಕಾಗಿತ್ತು.

"ಎಲ್ಲಿ ಸಾಕ್ತೀರಪ್ಪ?" ಎಂದಳು ಅಮ್ಮ.

"ರೂಮಿನ ಮ್ಯಾಲ ಟೆರೇಸ್ ಐತ್ರಿ ಅಮ್ಮಾರ. ಆರಾಮ ಇರ್ತದ್ರಿ."

"ಒಂದೇ ಇದ್ರೆ ಅದಕ್ಕೆ ಬೇಜಾರಾಗತ್ತೆ."

"ನಾವ್ ನಾಕ್ ಮಂದಿ ಅದೇವ್ರಿ. ಮಾತಾಡಿಸ್ಕೋತ ಇರ್ತೇವ್ರಿ."

ಅವನ ಕೈಚೀಲದಿಂದ ಕೊತ್ತಂಬರಿ ಕಟ್ಟು, ಪುದೀನ ಕಟ್ಟು ಇಣುಕುತ್ತಿದ್ದವು. ಅಮ್ಮ ನೋಡಿದಳೋ ಇಲ್ಲವೋ, ಮೂರು ಸುತ್ತು ಮುಗಿಸಿ ಹುಂಜವನ್ನು ಅವನ ಕೈಗಿತ್ತು, "ಬರೀ ಅನ್ನ ಹಾಕ್ಬೇಡಿ, ರಾಗಿ ಹಾಕಿ" ಎಂದಳು. ನಾನು ಒಳಗೆ ಹೋಗಿ ಬಾಯಿ ಮುಚ್ಚಿಕೊಂಡು ನಕ್ಕೆ. ಅಮ್ಮನಿಗೆ ತಿಳಿಯದ್ದು ನನಗೆ ತಿಳಿದಿದೆ ಎಂಬ ಆ ನಗು ಈಗ ನನಗೆ ಅಷ್ಟು ಹಿಡಿಸುವುದಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ, ಕೋಳಿ ಕೊಡುತ್ತಾರಂತೆ ಎಂದು ಯಾರಿಂದಲೋ ಕೇಳಿ, ಜಯನಗರದ ಪಕ್ಕದ ಸಿದ್ದಾಪುರದಿಂದ ಒಬ್ಬಾಕೆ ಬಂದರು. ಜಯನಗರದ ಮನೆಯೊಂದರಲ್ಲಿ ಅಡುಗೆ ಕೆಲಸ ಮುಗಿಸಿ, ಬಸ್ಸು ಹಿಡಿದು ಬಂದಿದ್ದರು. ಅಮ್ಮ ಅಡುಗೆಮನೆಯಲ್ಲಿದ್ದಳು. ಉತ್ತರವನ್ನೂ ಸೇರಿಸಿಯೇ ನಾನು ಕೇಳಿದೆ: "ಸಾಕೋದಕ್ಕೆ, ಅಲ್ವಾ?"

"ಇಲ್ಲಮ್ಮ, ನಮ್ಮನೇಲಿ ಎಲ್ಲಿ ಸಾಕ್ಲಿ. ಮಗಳು ಬಾಣಂತಿ. ಸಾರಿಗೆ."

"ಬೋರ್ಡ್ ಓದ್ಲಿಲ್ವಾ?"

"ಓದ್ದೆ. ಆದ್ರೂ ಕೇಳೋಣ ಅಂತ. ಫಾರಂ ಕೋಳಿ ಹಾಕೋಕೆ ಮನಸ್ಸಿಲ್ಲ."

ನಾನು ದನಿ ತಗ್ಗಿಸಿದೆ. "ಸಾಕೋದಕ್ಕೆ ಅಂದ್ಬಿಡಿ. ಅಮ್ಮ ಕೊಡ್ತಾರೆ."

ಆಕೆ ದನಿ ತಗ್ಗಿಸಲಿಲ್ಲ. "ಬಾಣಂತಿ ಹೊಟ್ಟೆಗೆ ಹೋಗೋದಮ್ಮ. ಸುಳ್ಳು ಹೇಳಿ ಹೆಂಗೆ ತಗೊಂಡ್ಹೋಗ್ಲಿ?"

ತಿರುಗಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಿಟ್ಟಂಟಿಕೊಂಡಿತ್ತು. ಎಷ್ಟು ಕೇಳಿಸಿಕೊಂಡಿದ್ದಳೋ. ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬಂತು, ಅದು ಚೆನ್ನಾಗಿ ನೆನಪಿದೆ. ಒಂದು ಮಾತು ಹೇಳಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಇನ್ನು ಅಮ್ಮ ಗೊತ್ತಿದ್ದೂ ಕೊಡಬೇಕು, ಇಲ್ಲ ಬಾಣಂತಿಗೆ ಇಲ್ಲ ಅನ್ನಬೇಕು.

"ಎಷ್ಟು ದಿನ ಆಯ್ತು?" ಎಂದಳು ಅಮ್ಮ.

"ಹನ್ನೊಂದು."

"ಹಾಲು?"

"ಸಾಲ್ತಿಲ್ಲಕ್ಕ. ಮಗು ಅಳ್ತಾನೇ ಇರತ್ತೆ."

"ಇವಳು ಹುಟ್ಟಿದಾಗ ನಂಗೂ ಹಂಗೇ ಆಗಿತ್ತು" ಎಂದು ಅಮ್ಮ ನನ್ನ ಕಡೆ ಗಲ್ಲ ಎತ್ತಿದಳು. "ನಮ್ಮಮ್ಮ ಮನೇಲಿದ್ದ ಹೇಂಟೆನೇ ಕುಯ್ಸಿ ಹಾಕಿದ್ರು."

ಈ ಮಾತನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ.

ಕೈ ತೊಳೆದುಕೊಂಡು ಹಿತ್ತಲಿಗೆ ಹೋದಳು. ಕೊಡಬೇಕಾದ ಹುಂಜಗಳು ಬುಟ್ಟಿಯ ಕೆಳಗಿದ್ದವು. ಅವನ್ನು ದಾಟಿ, ಉಳಿಸಿಕೊಳ್ಳುವ ಆರರಲ್ಲಿ ಒಂದಾದ ಎಳೆಯ ಕೆಂಪು ಹೇಂಟೆಯನ್ನು ಹಿಡಿದಳು.

"ಅದು ನಾವಿಟ್ಕೊಳ್ಳೋದಲ್ವಾ?" ಎಂದೆ.

"ಬಾಣಂತಿಗೆ ಎಳೇದೇ ಒಳ್ಳೇದು."

ಎದೆಗವಚಿಕೊಂಡು ಒರಳಿನ ಹತ್ತಿರ ಬಂದಳು. ನಿಂತಳು. ನಾನು ಮೂರು ಸುತ್ತಿಗೆ ಕಾದೆ. ಅವಳು ಸುತ್ತಲಿಲ್ಲ.

"ಸುತ್ತೋದಿಲ್ವಾ?"

"ಬೇಡ. ನಮ್ಮನೇದಾಗೇ ಹೋಗ್ಲಿ."

ಡೈರಿಯಲ್ಲಿ ಆ ದಿನಕ್ಕೆ ಎರಡೇ ವಾಕ್ಯ: 'ಕೆಂಪು ಹೇಂಟೆ ಹೋಯಿತು. ಅಮ್ಮ ರಾತ್ರಿ ಊಟ ಮಾಡಲಿಲ್ಲ.' ಒರಳಿನ ಮಾತೇ ಇಲ್ಲ. ಅಷ್ಟು ದೊಡ್ಡ ಮಾತನ್ನು ನಾನು ಅಂದೇ ಬರೆದಿಡದೆ ಇರುತ್ತಿದ್ದೆನೇ? ಇಲ್ಲವೇ ಅಮ್ಮ ಸುಮ್ಮನೆ ನಿಂತದ್ದಕ್ಕೆ ನಾನೇ ಆಮೇಲೆ ಮಾತು ಹೊಂದಿಸಿದೆನೇ? ನಿಂತದ್ದಂತೂ ನಿಜ. ಒರಳಿನ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಅಮ್ಮ ಬಗ್ಗಿ ಹಿಡಿದಾಗ ಹೇಂಟೆ ಎರಡು ಸಲ ಕೊಕ್ಕು ಅದ್ದಿ, ಕತ್ತೆತ್ತಿ ಕುಡಿಯಿತು. ಅದಕ್ಕೆಂದೇ ನಿಂತಿದ್ದಳೋ ಏನೋ.

ಆಕೆ ಸೆರಗಿನ ಗಂಟಿನಿಂದ ದುಡ್ಡು ತೆಗೆದರು. ಅಮ್ಮ ಬೇಡವೆನ್ನಲಿಲ್ಲ, ತೆಗೆದುಕೊಂಡಳು. ಕೋಳಿಯನ್ನು ಕಾಲು ಕಟ್ಟಿ ತಲೆಕೆಳಗಾಗಿ ಒಯ್ಯುವುದು ರೂಢಿ. ಆಕೆ ಹಾಗೆ ಮಾಡದೆ ಸೆರಗಿನೊಳಗಿಟ್ಟುಕೊಂಡರು. "ಮೆಣಸು ಜಾಸ್ತಿ ಹಾಕಿ, ಬೆಳ್ಳುಳ್ಳಿನೂ" ಎಂದಳು ಅಮ್ಮ, ಗೇಟಿನವರೆಗೆ ಹೋಗಿ.

ಮರುದಿನ ಬೆಳಿಗ್ಗೆ ರಟ್ಟಿನ ಕೆಳಗಿನ ಸಾಲನ್ನು ಕತ್ತರಿಸಿ ತೆಗೆಯಲು ಹೇಳಿದಳು.

"ಯಾಕಮ್ಮ?"

"ಪಾಪ, ಎಲ್ಲರ ಕೈಲೂ ಸುಳ್ಳು ಹೇಳಿಸಿದ್ವಿ."

ಕತ್ತರಿ ಹಿಡಿದುಕೊಂಡು ಅವಳ ಮುಖ ನೋಡಿದೆ. ಕೊತ್ತಂಬರಿ ಕಟ್ಟು ಅವಳಿಗೂ ಕಂಡಿತ್ತು. ಇಷ್ಟು ದಿನ ನಾನು ಅವಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಾನು ಹಾಗೆ ಅಂದುಕೊಳ್ಳಲೆಂದು ಅವಳು ಬಿಟ್ಟಿದ್ದಳೇನೋ.

ಆ ವಾರವೇ ಸ್ಕೂಟರಿನಲ್ಲಿ ಒಬ್ಬರು ಬಂದು ಹುಂಜ ಕೇಳಿದರು. ಕೆಳಗಿನ ಸಾಲು ಇನ್ನೂ ಇದ್ದಾಗ ಒಮ್ಮೆ ಗೇಟಿನ ಮುಂದೆ ಹೋಗುತ್ತ ರಟ್ಟು ಓದಿರಬೇಕು. ಅಮ್ಮ ಏನನ್ನೂ ಕೇಳಲಿಲ್ಲ. ಅವರೇ ಹೆಲ್ಮೆಟ್ ತೆಗೆದು ಹೇಳಿದರು: "ಸಾಕೋಕೆ ಮೇಡಂ."

"ಆಗ್ಲಿ ಬಿಡಿ" ಎಂದಳು ಅಮ್ಮ. ಹಿತ್ತಲಿಗೆ ಹೋಗಿ ಹುಂಜವನ್ನು ಎತ್ತಿಕೊಂಡು, ಒಂದೂ ಬಿಡದೆ, ಮೂರು ಸುತ್ತು ತಿರುಗುಮುರುಗಾಗಿ ಬಂದಳು.