ನಿಕಾಹದ ದಿನ ಕೇಳಿದ ಹೆಸರು

ಹಳೇ ಹುಬ್ಬಳ್ಳಿಯ ದರ್ಜಿ ಅಹಮದಸಾಬನಿಗೆ ರೆಹಮತ್‌ಬಿ ಒಬ್ಬಳೇ ಮಗಳು. ೧೯೩೪ರಲ್ಲಿ ಅವಳ ನಿಕಾಹವಾಯಿತು. ಪರದೆಯ ಆಚೆಯಿಂದ ಖಾಜಿ ಕೇಳಿದರು, "ಲಕಮನಹಳ್ಳಿ ಫಕ್ರುಸಾಬನ ಮಗಳು ರೆಹಮತ್‌ಬಿ, ಈ ನಿಕಾಹ ಕಬೂಲ ಐತೇನು?"

ಬೇರೆ ಯಾರನ್ನೋ ಕೇಳುತ್ತಿದ್ದಾರೆಂದು ಅವಳು ತಲೆಯೆತ್ತಿದಳು. ಫಕ್ರುಸಾಬ ಅವಳ ಚಿಗವ್ವ ಮದೀನಾಬಿಯ ಗಂಡ, ಸುಗ್ಗಿಯಲ್ಲಿ ಶೇಂಗಾ ಕೊಟ್ಟುಹೋಗುವ ರೈತ. ಪಕ್ಕದಲ್ಲಿದ್ದ ತಾಯಿ ಹುಸೇನಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಿಕಾಹದಾಗ ಹಡದಪ್ಪನ ಹೆಸರೇ ಹೇಳಬೇಕವ್ವಾ. ಹೂಂ ಅನ್ನು" ಎಂದಳು ಸೆರಗಿನೊಳಗಿಂದಲೇ.

ರೆಹಮತ್‌ಬಿ ಹೂಂ ಅಂದಳು. ಆ ದನಿ ತನ್ನದೆಂದು ಅವಳಿಗೆ ಅನಿಸಲಿಲ್ಲ.

ಅಂದಿನಿಂದ ಅವಳು ಸಾಕಿದವರೊಡನೆ ಮಾತು ಬಿಟ್ಟಳು. ಚೊಚ್ಚಲ ಬಸುರಿಯಾದಾಗ ಹುಸೇನಬಿ ಕರೆಯಲು ಬಂದರೆ, "ಹಡದವ್ರ ಮನಿಗೇ ಹೋಗ್ತೇನಿ" ಎಂದು ಲಕಮನಹಳ್ಳಿಗೆ ಹೊರಟುಬಿಟ್ಟಳು.

ಅಲ್ಲಿಗೆ ಹೋದದ್ದು ಜಗಳಕ್ಕೆ. ಆದರೆ ಮದೀನಾಬಿ ಜಗಳಕ್ಕೆ ಸಿಗಲಿಲ್ಲ. ಬೆಳಗಾದರೆ ಸೆಗಣಿ, ಎಮ್ಮೆ, ಮೆಣಸಿನ ಹೊಲದ ಕಳೆ. ರೆಹಮತ್‌ಬಿ ಹಾಲು ಕರೆಯಲು ಕೂತರೆ ಎಮ್ಮೆ ಒದೆಯುತ್ತಿತ್ತು.

"ಸಿಟ್ಟಿಲೆ ಕುಂತ್ರ ಅದು ಹಾಲ ಬಿಡೂದಿಲ್ಲ. ಮೈ ಸವರು, ತಡಿ" ಎನ್ನುತ್ತಿದ್ದಳು ಮದೀನಾಬಿ.

ತಡೆಯುವುದನ್ನು ಅವಳು ಕಲಿತಳು. ಎಮ್ಮೆ ಒಗ್ಗಿತು. ಕಳೆ ತೆಗೆಯುತ್ತ ಒಂದು ಮಧ್ಯಾಹ್ನ ಮೆಲ್ಲಗೆ ಕೇಳಿದಳು, "ನನ್ನ ಯಾಕ ಕೊಟ್ಟಿ?"

ಮದೀನಾಬಿ ತಲೆಯೆತ್ತದೆ ಹೇಳಿದಳು. "ನೀ ಹುಟ್ಟಿದಾಗ ಊರಿಗೆಲ್ಲಾ ದೊಡ್ಡ ಜ್ವರ. ನಾನೂ ಬಿದ್ನಿ. ಅದೇ ಜ್ವರದಾಗ ಅಕ್ಕನ ಕೂಸು ಹೋಗಿತ್ತು. ಆಕಿ ನಿನಗ ಮೊಲಿ ಕೊಟ್ಟು ಉಳಿಸಿದಳು. ಆರಾಮಾದ ಮ್ಯಾಲ ಕರಕೊಂಡ ಬರಾಕ ಹೋದ್ನಿ. ನೀ ಆಕಿನ್ನ ಬಿಡಲಿಲ್ಲ. ಖಾಲಿ ಕೈಲೆ ಬಂದ್ನಿ."

"ನನಗ್ಯಾಕ ಮುಚ್ಚಿಟ್ಟಳು?"

"ಮುಚ್ಚಿಟ್ಟಾಕಿ ಆಕಿ ಅಲ್ಲ. ಹೇಳ್ತೇನಿ ಅಂತ ಆಕಿ ಅಂದಾಗೆಲ್ಲಾ ಬ್ಯಾಡ ಅಂದಾಕಿ ನಾನ. ನೀ ಅಲ್ಲೂ ಇಲ್ಲೂ ಆಗದಂಗ ಆಗಬಾರದಂತ."

ರೆಹಮತ್‌ಬಿ ಸಾಲಿನ ನಡುವೆಯೇ ಕೂತುಬಿಟ್ಟಳು. ಇಷ್ಟು ದಿನ ತಾನು ಯಾರ ಮೇಲೆ ಮುನಿದಿದ್ದೆ? ಸಂಜೆ ಅವಳೇ ಫಕ್ರುಸಾಬನಿಗೆ, "ಅವ್ವನ್ನ ಕರಕೊಂಡ ಬರ್ರಿ" ಎಂದಳು.

ಮರುದಿನ ಫಕ್ರುಸಾಬ ಬಂಡಿ ಕಟ್ಟಿಕೊಂಡು ಹೋಗಿ ಹುಸೇನಬಿಯನ್ನು ಕರೆತಂದ. ಅಂಗಳದಲ್ಲಿ ಬಂಡಿ ನಿಂತರೂ ಅವಳು ಇಳಿಯಲಿಲ್ಲ. ರೆಹಮತ್‌ಬಿ ಹತ್ತಿರ ಹೋಗಿ ಕೈ ಚಾಚಿದಳು.

"ಇಳಿ ಅವ್ವಾ. ನಾ ಒಬ್ಬಾಕಿನ ಹಡ್ಯಾಕ ಅಂಜಾಕತ್ತೇನಿ."

ಆ ವಾರವೇ ಹೆಣ್ಣು ಕೂಸು ಹುಟ್ಟಿತು. ಅಕ್ಕತಂಗಿ ಇಬ್ಬರೂ ಪಕ್ಕದಲ್ಲಿದ್ದರು. ಮದೀನಾಬಿಯನ್ನು ಅವ್ವ ಎಂದು ಕರೆಯಲು ಮಾತ್ರ ರೆಹಮತ್‌ಬಿಗೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಮದೀನಾಬಿ ಅದನ್ನು ಒಮ್ಮೆಯೂ ಕೇಳಲಿಲ್ಲ.